ಬಿಸಿಲಿಗೆ ನೆರಳು, ಸಿಡಿಲಿಗೆ ಸೂರು: ಇಸ್ಲಾಮೀ ಇತಿಹಾಸದ ಕೆಲವು ಪುಟಗಳು

ಮಾರ್ಚ್‌ನಿಂದ ಮೇ ಕೊನೆಯವರೆಗೆ ಕಲ್ಲಡ್ಕ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದಲ್ಲಿ ಒಂದೇ ದಿನದೊಳಗೆ ಎರಡು ಋತುಗಳು ಬಂದುಹೋಗುತ್ತವೆ. ಹಗಲೆಲ್ಲ ಮುರಕಲ್ಲಿನ ಗೋಡೆ ಮುಟ್ಟಿದರೆ ಕೈ ಸುಡುವಂಥ ಬಿಸಿಲು. ಅಸರ್ ನಮಾಝಿನ ಹೊತ್ತಿಗೆ ಮೂಡಣದಲ್ಲಿ, ಘಟ್ಟದ ಮೇಲೆ, ಕಾರ್ಮೋಡ. ಮಗ್ರಿಬ್‌ಗೆ ಮುಂಚೆಯೇ ಗಾಳಿ, ಗುಡುಗು, ಕಣ್ಣು ಕೋರೈಸುವ ಮಿಂಚು. ಸಮುದ್ರದ ಕಡೆಯಿಂದ ಬರುವ ತೇವಭರಿತ ಗಾಳಿಯು ಕಾದ ನೆಲದ ಮೇಲೆ ಏರುತ್ತದೆ. ಘಟ್ಟದ ಇಳಿಜಾರು ಅದನ್ನು ಇನ್ನಷ್ಟು ಎತ್ತರಕ್ಕೆ ತಳ್ಳುತ್ತದೆ. ಅದುವೇ ಗುಡುಗುಮೋಡವಾಗುತ್ತದೆ. ಹಗಲಿನ ಕಾವೇ ಸಂಜೆಯ ಸಿಡಿಲಿಗೆ ಇಂಧನ.

ಮೋಡ ಕವಿದ ಆ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದೇನು? ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ನೆನೆಯಬಾರದೆಂದು ತಾಯಂದಿರೂ ಮಕ್ಕಳೂ ಟರ್ಪಾಲು ಹಿಡಿದು ಹೊರಗೆ ಓಡುತ್ತಾರೆ. ಬಯಲಿನಲ್ಲಿ ಆಡುವ ಯುವಕರು ಕೊನೆಯ ಓವರ್ ಮುಗಿಯಲಿ ಎನ್ನುತ್ತಾರೆ. ಎಚ್ಚರಿಸಿದವರಿಗೆ ಆಗಾಗ ಸಿಗುವ ಉತ್ತರವೆಂದರೆ, "ತಖ್ದೀರಿನಲ್ಲಿ ಇದ್ದುದು ಎಲ್ಲಿದ್ದರೂ ಬರುತ್ತದೆ."

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅಲ್ಲಾಹನ ವಿಧಿಯ ಹೊರಗೆ ಯಾವುದೂ ನಡೆಯುವುದಿಲ್ಲವೆಂಬುದು ನಮ್ಮ ಈಮಾನಿನ ಭಾಗ. ಆದರೆ ಆ ಈಮಾನನ್ನು ನಮಗೆ ಕಲಿಸಿದವರೇ ಬಿಸಿಲಿನಲ್ಲಿ ಹೇಗೆ ನಡೆದುಕೊಂಡರು, ಮಳೆ ಗಾಳಿಗಳಲ್ಲಿ ಜನರಿಗೆ ಏನು ಆದೇಶಿಸಿದರು ಎಂಬುದನ್ನು ತಿಳಿಯದೆ ಆ ಮಾತನ್ನು ಬಳಸಿದರೆ ಅದು ಬೇಜವಾಬ್ದಾರಿಗೆ ಹೊದಿಕೆಯಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಇವರಲ್ಲಿ ಎಷ್ಟು ಮನೆಗಳ ದುಃಖವನ್ನು ಒಂದಿಷ್ಟು ಎಚ್ಚರ ತಪ್ಪಿಸಬಹುದಿತ್ತು ಎಂದು ಯೋಚಿಸಬೇಕಾಗಿದೆ. ಆದ್ದರಿಂದ ಇತಿಹಾಸದ ಕೆಲವು ಪುಟಗಳನ್ನು ತೆರೆದು ನೋಡೋಣ.

ಗುಡ್ಡಗಳ ನೆರಳು ಕಾಣುವವರೆಗೆ

ಹಿಜಾಝ್ ಪ್ರದೇಶದ ಬೇಸಗೆ ಎಂಥದ್ದೆಂಬುದು ಅಲ್ಲಿ ದುಡಿದು ಬಂದ ನಮ್ಮ ಊರಿನ ಅನೇಕರಿಗೆ ಗೊತ್ತು. ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಫ್ಯಾನು, ಏಸಿಗಳಿರಲಿಲ್ಲ. ಮಸೀದಿಯ ನೆಲವೂ ಮರಳು, ಕಲ್ಲುಗಳಿಂದ ಕೂಡಿತ್ತು. ಕಾದ ನೆಲದ ಮೇಲೆ ಹಣೆಯಿಡಲಾಗದೆ ತಾವು ಬಟ್ಟೆಯ ತುದಿಯನ್ನು ಹಾಸಿ ಅದರ ಮೇಲೆ ಸುಜೂದ್ ಮಾಡುತ್ತಿದ್ದೆವೆಂದು ಅನಸ್(ರ) ನೆನಪಿಸಿಕೊಂಡಿದ್ದಾರೆ. ಯಾರೂ ಅದನ್ನು ಭಕ್ತಿಯ ಕೊರತೆಯೆಂದು ಆಕ್ಷೇಪಿಸಲಿಲ್ಲ.

ಇನ್ನೊಂದು ಪ್ರಯಾಣದ ಘಟನೆಯನ್ನು ಅಬೂ ಝರ್(ರ) ವರದಿ ಮಾಡಿದ್ದಾರೆ. ಝುಹರ್ ಸಮಯವಾಯಿತೆಂದು ಮುಅಝ್ಝಿನ್ ಅಝಾನ್ ಕೊಡಲು ಹೊರಟರು. ಬಿಸಿಲು ತಣಿಯಲಿ ಎಂದು ಪ್ರವಾದಿವರ್ಯರು(ಸ) ತಡೆದರು. ಸ್ವಲ್ಪ ಹೊತ್ತಿನ ಬಳಿಕ ಅವರು ಮತ್ತೆ ಎದ್ದು ನಿಂತರು. ಈ ಬಾರಿಯೂ ಪ್ರವಾದಿವರ್ಯರು(ಸ) ತಡೆದರು. ಕೊನೆಗೆ ದಿಬ್ಬಗಳ ನೆರಳು ನೆಲದ ಮೇಲೆ ಕಾಣುವಷ್ಟು ಹೊತ್ತು ಇಳಿದ ಮೇಲೆ ನಮಾಝ್ ನಡೆಯಿತು. ನಮಾಝನ್ನು ಅದರ ಆರಂಭದ ಸಮಯದಲ್ಲಿ ನಿರ್ವಹಿಸುವುದಕ್ಕೆ ಎಷ್ಟು ಮಹತ್ವವಿದೆಯೆಂದು ನಾವೆಲ್ಲ ಬಲ್ಲೆವು. ಅಂಥ ನಮಾಝನ್ನೇ, ಅದರ ಸಮಯದ ಮಿತಿಯೊಳಗೆ, ಬಿಸಿಲಿನ ಕಾರಣಕ್ಕಾಗಿ ತಡಮಾಡಲು ಅನುಮತಿಯಿದೆಯೆಂದಾದರೆ ತೋಟದ ಕೆಲಸ, ಕಾಂಕ್ರೀಟ್ ಕೆಲಸ, ಮದುವೆಯ ದಿಬ್ಬಣಗಳನ್ನು ಒಂದೆರಡು ತಾಸು ಮುಂದೂಡಲು ನಮಗೇಕೆ ಆಗದು?

ಒಂದು ದಿನ ಪ್ರವಾದಿವರ್ಯರು(ಸ) ಪ್ರವಚನ ನೀಡುತ್ತಿದ್ದಾಗ ಒಬ್ಬ ವ್ಯಕ್ತಿ ಬಿಸಿಲಿನಲ್ಲಿ ನಿಂತೇ ಇದ್ದುದನ್ನು ಕಂಡರು. ವಿಚಾರಿಸಿದಾಗ ತಿಳಿದುಬಂದುದೇನೆಂದರೆ, ಅವರ ಹೆಸರು ಅಬೂ ಇಸ್ರಾಈಲ್. ಕುಳಿತುಕೊಳ್ಳುವುದಿಲ್ಲ, ನೆರಳಿಗೆ ಹೋಗುವುದಿಲ್ಲ, ಮಾತನಾಡುವುದಿಲ್ಲ, ಉಪವಾಸವಿರುತ್ತೇನೆ ಎಂದು ಅವರು ಹರಕೆ ಹೊತ್ತಿದ್ದರು. ಅವರು ಮಾತನಾಡಲಿ, ನೆರಳಿಗೆ ಬರಲಿ, ಕುಳಿತುಕೊಳ್ಳಲಿ, ಉಪವಾಸವನ್ನು ಮಾತ್ರ ಪೂರ್ಣಗೊಳಿಸಲಿ ಎಂಬುದು ಪ್ರವಾದಿವರ್ಯರ(ಸ) ಆದೇಶವಾಗಿತ್ತು. ಶರೀಅತ್ ವಿಧಿಸಿದ ಆರಾಧನೆ ಉಳಿಯಿತು. ದೇಹವನ್ನು ಸುಡುವ ಹಟ ಬಿದ್ದುಹೋಯಿತು. ಕಷ್ಟವನ್ನು ಬೇಕೆಂದೇ ಮೈಮೇಲೆ ಎಳೆದುಕೊಳ್ಳುವುದಕ್ಕೆ ಇಸ್ಲಾಮ್‌ನಲ್ಲಿ ಪ್ರತಿಫಲದ ವಾಗ್ದಾನವಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಉಪವಾಸದ ವಿಷಯದಲ್ಲೂ ಹೀಗೆಯೇ. ಹಿಜರಿ 8ರ ರಮಝಾನ್‌ನಲ್ಲಿ ಮಕ್ಕಾ ವಿಜಯದ ಪ್ರಯಾಣ ಸಾಗುತ್ತಿತ್ತು. ಜನರಿಗೆ ಉಪವಾಸ ಕಷ್ಟವಾಗುತ್ತಿದೆಯೆಂದು ತಿಳಿದಾಗ ಪ್ರವಾದಿವರ್ಯರು(ಸ) ಅಸರ್‌ನ ಬಳಿಕ ನೀರಿನ ಪಾತ್ರೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಕುಡಿದರು. ಆ ಬಳಿಕವೂ ಕೆಲವರು ಉಪವಾಸ ಮುಂದುವರಿಸಿದ್ದಾರೆಂಬ ಸುದ್ದಿ ಬಂದಾಗ, ಅವರನ್ನು ಆಜ್ಞೆ ಮೀರಿದವರೆಂದು ಕರೆದರು. ಪ್ರಯಾಣದಲ್ಲಿ ಬಳಲಿ ಬಿದ್ದ ಒಬ್ಬ ಉಪವಾಸಿಗನಿಗೆ ಜನರು ಸುತ್ತುಗಟ್ಟಿ ನೆರಳು ಹಿಡಿದಿದ್ದುದನ್ನು ಕಂಡು, ಪ್ರಯಾಣದಲ್ಲಿ ಈ ರೀತಿ ಉಪವಾಸ ಹಿಡಿಯುವುದು ಪುಣ್ಯವಲ್ಲವೆಂದು ತಿಳಿಹೇಳಿದ ಘಟನೆಯೂ ಹದೀಸ್ ಗ್ರಂಥಗಳಲ್ಲಿದೆ. ಸಕ್ಕರೆ ಕಾಯಿಲೆ, ಹೃದ್ರೋಗಗಳಿರುವ ನಮ್ಮ ಹಿರಿಯರು ವೈದ್ಯರ ಮಾತನ್ನು ಮೀರಿ ಉಪವಾಸ ಹಿಡಿಯುವಾಗ ಮನೆಯವರು ಈ ಘಟನೆಗಳನ್ನು ಅವರಿಗೆ ಮೆಲ್ಲನೆ ನೆನಪಿಸಬೇಕು.

ತಬೂಕ್: ಮುಂಚಿತವಾಗಿ ಸಾರಿದ ಎಚ್ಚರಿಕೆ

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಹಿಜರಿ 9ರಲ್ಲಿ (ಕ್ರಿ.ಶ. 630) ತಬೂಕ್ ದಂಡಯಾತ್ರೆ ಹೊರಟಾಗ ಬಿಸಿಲಿನ ನೆಪ ಹೇಳಿ ಹಿಂದುಳಿದವರನ್ನು ಕುರ್‌ಆನ್ ಟೀಕಿಸಿಲ್ಲವೇ? ನರಕದ ಬೆಂಕಿಯು ಇದಕ್ಕಿಂತ ಎಷ್ಟೋ ತೀಕ್ಷ್ಣವೆಂದು ಎಚ್ಚರಿಸಿಲ್ಲವೇ?

ಹೌದು, ಅತ್ತೌಬಾ ಅಧ್ಯಾಯದಲ್ಲಿ ಆ ಟೀಕೆಯಿದೆ. ಆದರೆ ಅದೇ ಅಧ್ಯಾಯವು ಬಲಹೀನರಿಗೆ, ರೋಗಿಗಳಿಗೆ, ಖರ್ಚಿಗೆ ಇಲ್ಲದವರಿಗೆ ಯಾವ ತಪ್ಪೂ ಇಲ್ಲವೆಂದು ವಿನಾಯಿತಿ ಕೊಟ್ಟಿದೆ. ಟೀಕೆಗೆ ಗುರಿಯಾದದ್ದು ಶಕ್ತಿಯಿದ್ದೂ ಹೊಣೆಯಿಂದ ನುಣುಚಿಕೊಂಡ ಕಪಟ. ಬಿಸಿಲಿಗೆ ಅಂಜಿ ಎಚ್ಚರ ವಹಿಸುವುದನ್ನು ಅದು ಎಲ್ಲಿಯೂ ದೂಷಿಸಿಲ್ಲ. ಈ ಯಾತ್ರೆಯ ಬಗ್ಗೆ ಕಅಬ್ ಬಿನ್ ಮಾಲಿಕ್(ರ) ನೀಡಿದ ದೀರ್ಘ ವರದಿಯಲ್ಲಿ ನಾವು ಗಮನಿಸದೆ ಬಿಡುವ ಒಂದು ಸಂಗತಿಯಿದೆ. ಸಾಮಾನ್ಯವಾಗಿ ಪ್ರವಾದಿವರ್ಯರು(ಸ) ದಂಡಯಾತ್ರೆಯ ಗುರಿಯನ್ನು ಗುಟ್ಟಾಗಿಡುತ್ತಿದ್ದರು. ಆದರೆ ತಬೂಕ್‌ನ ಸಂದರ್ಭದಲ್ಲಿ ಬಿಸಿಲು ಉಗ್ರವಾಗಿತ್ತು, ದಾರಿ ದೀರ್ಘವಾಗಿತ್ತು, ಎದುರಾಳಿಯ ಸಂಖ್ಯೆ ದೊಡ್ಡದಿತ್ತು. ಆದ್ದರಿಂದ ಜನರು ತಕ್ಕ ಸಿದ್ಧತೆ ಮಾಡಿಕೊಳ್ಳಲೆಂದು ಎಲ್ಲವನ್ನೂ ಮೊದಲೇ ಬಹಿರಂಗವಾಗಿ ತಿಳಿಸಿದರು.

ಯುದ್ಧದ ಗುಟ್ಟಿಗಿಂತಲೂ ಜನರ ಸಿದ್ಧತೆ ಮುಖ್ಯವೆನಿಸಿತು ಎಂಬುದು ಸಣ್ಣ ವಿಷಯವಲ್ಲ. ಇಂದು ಹವಾಮಾನ ಇಲಾಖೆ ಹಳದಿ, ಕಿತ್ತಳೆ ಎಚ್ಚರಿಕೆಗಳನ್ನು ಹೊರಡಿಸಿದಾಗ ಅದನ್ನು ಮಹಲ್ಲಿನ ವಾಟ್ಸ್ಯಾಪ್ ಗುಂಪಿನಲ್ಲಿ ಹಂಚುವುದು, ಮಸೀದಿಯ ಮೈಕಿನಲ್ಲಿ ಮೊದಲೇ ತಿಳಿಸುವುದು ಆ ಮಾದರಿಗೆ ಹತ್ತಿರದ ಕೆಲಸ.

ಅಝಾನ್‌ನಲ್ಲಿ ಬದಲಾದ ಕರೆ

ಮಳೆ, ಗಾಳಿಗಳ ವಿಷಯಕ್ಕೆ ಬರೋಣ. ಆಕಾಶದಲ್ಲಿ ಮೋಡ ಕಂಡಾಗ ಪ್ರವಾದಿವರ್ಯರ(ಸ) ಮುಖದಲ್ಲಿ ಆತಂಕ ಮೂಡುತ್ತಿತ್ತು, ಅವರು ಮನೆಯ ಒಳಗೂ ಹೊರಗೂ ನಡೆದಾಡುತ್ತಿದ್ದರು, ಮಳೆ ಸುರಿಯತೊಡಗಿದ ಮೇಲೆಯೇ ಆ ಆತಂಕ ಇಳಿಯುತ್ತಿತ್ತು ಎಂದು ಆಯಿಶಾ(ರ) ಹೇಳಿದ್ದಾರೆ. ಮೋಡವನ್ನು ಕಂಡು ಮಳೆ ಬಂತೆಂದು ಸಂಭ್ರಮಿಸಿದ ಆದ್ ಜನಾಂಗಕ್ಕೆ ಅದೇ ಮೋಡದಿಂದ ವಿನಾಶಕಾರಿ ಗಾಳಿ ಬೀಸಿದ್ದು ಅವರ ನೆನಪಿನಲ್ಲಿತ್ತು. ಮೋಡ ಕಂಡು ಕಳವಳಗೊಳ್ಳುವುದು ಹೇಡಿತನವಾಗಿದ್ದರೆ ಸೃಷ್ಟಿಗಳಲ್ಲೇ ಶ್ರೇಷ್ಠರಾದವರ ಮುಖದಲ್ಲಿ ಅದು ಕಾಣುತ್ತಿರಲಿಲ್ಲ.

ಒಂದು ಶುಕ್ರವಾರ ಭಾರೀ ಮಳೆ. ದಾರಿಯೆಲ್ಲ ಕೆಸರು. ಇಬ್ನು ಅಬ್ಬಾಸ್(ರ) ತಮ್ಮ ಮುಅಝ್ಝಿನ್‌ಗೆ, ನಮಾಝಿಗೆ ಬನ್ನಿ ಎಂಬ ಕರೆಯ ಸ್ಥಾನದಲ್ಲಿ ನಿಮ್ಮ ಮನೆಗಳಲ್ಲೇ ನಮಾಝ್ ಮಾಡಿರಿ ಎಂದು ಕೂಗಲು ಸೂಚಿಸಿದರು. ಜನರು ಅಚ್ಚರಿಯಿಂದ ಮುಖ ಮುಖ ನೋಡಿಕೊಂಡರು. ತನಗಿಂತ ಶ್ರೇಷ್ಠರಾದವರು, ಅಂದರೆ ಪ್ರವಾದಿವರ್ಯರು(ಸ), ಇದನ್ನು ಮಾಡಿದ್ದಾರೆಂದು ಅವರು ಉತ್ತರಿಸಿದರು. ಜುಮುಅ ಕಡ್ಡಾಯವೆಂಬುದು ನಿಜ, ಆದರೆ ಜನರನ್ನು ಕೆಸರಿನಲ್ಲಿ ನಡೆಸಿ ಕಷ್ಟಕ್ಕೆ ಒಡ್ಡಲು ತನಗೆ ಇಷ್ಟವಾಗಲಿಲ್ಲವೆಂದೂ ವಿವರಿಸಿದರು. ಇಬ್ನು ಉಮರ್(ರ) ಕೂಡ ಚಳಿ ಗಾಳಿಯ ಒಂದು ರಾತ್ರಿ ಪ್ರಯಾಣದಲ್ಲಿ ಇದೇ ರೀತಿ, ಇದ್ದಲ್ಲಿಯೇ ನಮಾಝ್ ಮಾಡುವಂತೆ ಕೂಗಿಸಿದ್ದರು.

ಕೆಸರಿನ ಕಾರಣಕ್ಕೆ ಇಷ್ಟು ರಿಯಾಯಿತಿ ದೊರೆತಿರುವಾಗ ತಲೆಯ ಮೇಲೆ ಸಿಡಿಲು ಹೊಡೆಯುತ್ತಿರುವಾಗ ಬಯಲು ದಾಟಿ ಮಸೀದಿಗೆ ಬರಬೇಕೆಂದು ಮುದುಕರನ್ನೂ ಮದ್ರಸದ ಮಕ್ಕಳನ್ನೂ ನಿರೀಕ್ಷಿಸುವುದು ಸರಿಯೇ? ಇಂಥ ಸಂದರ್ಭದ ವಿಧಿ ವಿವರಗಳನ್ನು ಊರಿನ ಖತೀಬರಿಂದ, ಉಸ್ತಾದರಿಂದ ಬೇಸಗೆಗೆ ಮುಂಚೆಯೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಮೋಡ ಗುಡುಗುವಾಗ ಮಸ್‌ಅಲ ಹುಡುಕುವುದು ತಡವಾಗುತ್ತದೆ.

ಹಿಜರಿ 886ರ ಒಂದು ರಾತ್ರಿ

ಸಿಡಿಲು ಪಾಪಿಗಳನ್ನೇ ಆರಿಸಿ ಹೊಡೆಯುತ್ತದೆಯೆಂಬ ತಪ್ಪು ಕಲ್ಪನೆ ನಮ್ಮಲ್ಲಿ ಕೆಲವರಿಗಿದೆ. ಅದರಿಂದಾಗಿ ಸಿಡಿಲಿಗೆ ಬಲಿಯಾದ ಮನೆಯವರು ದುಃಖದ ಜೊತೆಗೆ ಜನರ ಪಿಸುಮಾತನ್ನೂ ಸಹಿಸಬೇಕಾಗುತ್ತದೆ. ಅಂಥವರಿಗೆ ಮದೀನದ ಇತಿಹಾಸವೇ ಉತ್ತರ ಕೊಡುತ್ತದೆ.

ಹಿಜರಿ 886ರ (ಕ್ರಿ.ಶ. 1481) ರಮಝಾನ್ ತಿಂಗಳು. ಮಸ್ಜಿದುನ್ನಬವಿಯ ಪ್ರಧಾನ ಮಿನಾರವನ್ನು ಮುಅಝ್ಝಿನ್ ಏರಿದ್ದರು. ಆಕಾಶದಲ್ಲಿ ಮೋಡ ದಟ್ಟೈಸಿತ್ತು. ಗುಡುಗಿನೊಂದಿಗೆ ಸಿಡಿಲು ಮಿನಾರಕ್ಕೆ ಬಡಿಯಿತು. ಮುಅಝ್ಝಿನ್ ಅಲ್ಲಿಯೇ ಮರಣ ಹೊಂದಿದರು. ಮಸೀದಿಯ ಮರದ ಮೇಲ್ಛಾವಣಿಗೆ ಬೆಂಕಿ ಹೊತ್ತಿಕೊಂಡು ಬಹುಭಾಗ ಸುಟ್ಟುಹೋಯಿತು. ಮದೀನದ ಇತಿಹಾಸಕಾರ ಸಮ್‌ಹೂದಿಯವರು ಆಗ ಮಕ್ಕಾದಲ್ಲಿದ್ದರು. ಅವರ ಗ್ರಂಥ ಸಂಗ್ರಹವೂ ಆ ಬೆಂಕಿಗೆ ಆಹುತಿಯಾಯಿತು. ಬಳಿಕ ಮಮ್ಲೂಕ್ ಸುಲ್ತಾನ್ ಖಾಯಿತ್‌ಬಾಯ್ ಮಸೀದಿಯನ್ನು ಮತ್ತೆ ಕಟ್ಟಿಸಿದರು.

ಯೋಚಿಸಿ ನೋಡಿ. ಭೂಮಿಯ ಮೇಲಿನ ಅತ್ಯಂತ ಪವಿತ್ರ ಮಸೀದಿಗಳಲ್ಲೊಂದು, ತಿಂಗಳುಗಳಲ್ಲಿ ಶ್ರೇಷ್ಠವಾದ ರಮಝಾನ್, ಅಲ್ಲಾಹನ ಸ್ಮರಣೆಗಾಗಿ ಮಿನಾರವೇರಿದ ಮುಅಝ್ಝಿನ್. ಆದರೂ ಸಿಡಿಲು ಎತ್ತರದ ಮಿನಾರವನ್ನು ಹುಡುಕಿಕೊಂಡು ಬಂತು. ಅಲ್ಲಾಹನು ಪ್ರಕೃತಿಯಲ್ಲಿಟ್ಟ ನಿಯಮವು ಸ್ಥಳದ ಪಾವಿತ್ರ್ಯವನ್ನು ನೋಡಿ ಬದಲಾಗುವುದಿಲ್ಲ. ಹೀಗಿರುವಾಗ ತೋಟದಲ್ಲಿ ದುಡಿಯುತ್ತಾ ಸಿಡಿಲಿಗೆ ಬಲಿಯಾದ ಬಡ ಕೂಲಿಯ ಬಗ್ಗೆ ತೀರ್ಪು ಕೊಡಲು ನಾವು ಯಾರು?

ಆ ಕಾಲದವರಿಗೆ ಮಿಂಚುವಾಹಕದ ಅರಿವಿರಲಿಲ್ಲ. ಮಿಂಚೆಂದರೆ ವಿದ್ಯುತ್ತು ಎಂಬುದು ಪ್ರಯೋಗಗಳಿಂದ ದೃಢಪಟ್ಟದ್ದು 1752ರಲ್ಲಿ. ಎತ್ತರದ ಕಟ್ಟಡದ ತುದಿಯಲ್ಲಿ ಲೋಹದ ಸಲಾಕೆಯಿಟ್ಟು ಅದನ್ನು ದಪ್ಪ ತಂತಿಯ ಮೂಲಕ ನೆಲಕ್ಕೆ ಜೋಡಿಸಿದರೆ ಸಿಡಿಲಿನ ವಿದ್ಯುತ್ತು ಕಟ್ಟಡವನ್ನು ಸೀಳದೆ ಭೂಮಿಗೆ ಇಳಿಯುತ್ತದೆಯೆಂದು ಬೆಂಜಮಿನ್ ಫ್ರಾಂಕ್ಲಿನ್ ತೋರಿಸಿಕೊಟ್ಟರು. ಆಗ ಯುರೋಪಿನಲ್ಲಿ ಗುಡುಗು ಬಂದಾಗ ಚರ್ಚಿನ ಗಂಟೆ ಬಾರಿಸುವ ರೂಢಿಯಿತ್ತು. ಹಾಗೆ ಗೋಪುರದಲ್ಲಿ ನಿಂತು ಗಂಟೆಯ ಹಗ್ಗ ಎಳೆಯುತ್ತಿದ್ದ ಎಷ್ಟೋ ಮಂದಿ ಸಿಡಿಲಿಗೆ ಬಲಿಯಾಗಿದ್ದರು. ಸಲಾಕೆ ಹಾಕಿಸುವುದು ದೇವರ ಇಚ್ಛೆಗೆ ಅಡ್ಡಬಂದಂತೆ ಎಂದು ವಾದಿಸಿದವರು ಅಲ್ಲಿಯೂ ಇದ್ದರು.

ಇಂದು ನಮ್ಮ ಮುಅಝ್ಝಿನರು ಮಿನಾರ ಏರುವುದಿಲ್ಲ, ಮಸೀದಿಯೊಳಗೆ ಮೈಕಿನ ಮುಂದೆ ನಿಲ್ಲುತ್ತಾರೆ. ಆದರೆ ಆ ಮೈಕಿನ ತಂತಿ ಮಿನಾರದ ತುದಿಯಲ್ಲಿರುವ ಧ್ವನಿವರ್ಧಕದವರೆಗೂ ಹೋಗಿದೆಯೆಂಬುದನ್ನು ಮರೆಯಬಾರದು. ಸಿಡಿಲು ಹತ್ತಿರದಲ್ಲಿರುವಾಗ ಆಂಪ್ಲಿಫೈಯರಿನ ಸಂಪರ್ಕ ತಪ್ಪಿಸಿ ಬರಿಯ ದನಿಯಲ್ಲಿ ಅಝಾನ್ ಕೊಡುವುದರಿಂದ ಅಝಾನಿಗೆ ಯಾವ ಕುಂದೂ ಬರುವುದಿಲ್ಲ. ಮಿನಾರಗಳಿಗೆ ಸರಿಯಾದ ಮಿಂಚುವಾಹಕವಿದೆಯೇ, ಅದರ ಅರ್ಥಿಂಗ್ ಕೆಲಸ ಮಾಡುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಪರಿಣತರಿಂದ ಪರೀಕ್ಷಿಸುವುದು ಜಮಾಅತ್ ಸಮಿತಿಯ ಅಮಾನತ್ತು.

ಝುಬೈದಾರ ನೀರು, ಮಕ್ಕಾದ ಬಿಸಿಲು

ಬಿಸಿಲಿನಿಂದ ಜನರನ್ನು ಕಾಪಾಡುವುದನ್ನು ನಮ್ಮ ಪೂರ್ವಜರು ದೊಡ್ಡ ದಾನವೆಂದು ಬಗೆದಿದ್ದರು. ಮದೀನದ ರೂಮಾ ಬಾವಿಯನ್ನು ಉಸ್ಮಾನ್(ರ) ಖರೀದಿಸಿ ಜನರಿಗೆ ಬಿಟ್ಟುಕೊಟ್ಟರು. ತೀರಿಹೋದ ತಾಯಿಯ ಹೆಸರಿನಲ್ಲಿ ಯಾವ ದಾನ ಉತ್ತಮವೆಂದು ಸಅದ್ ಬಿನ್ ಉಬಾದಾ(ರ) ಕೇಳಿದಾಗ ದೊರೆತ ಉತ್ತರ ನೀರು. ಅಬ್ಬಾಸಿ ಖಲೀಫ ಹಾರೂನ್ ರಶೀದರ ಪತ್ನಿ ಝುಬೈದಾ, ಹಜ್ಜ್ ಯಾತ್ರಿಕರ ನೀರಿನ ಬವಣೆಯನ್ನು ಕಂಡು ಮಕ್ಕಾಕ್ಕೆ ಕಾಲುವೆಯ ಮೂಲಕ ನೀರು ತರಿಸಿದರು. ಕೂಫಾದಿಂದ ಮಕ್ಕಾದವರೆಗಿನ ಮರುಭೂಮಿಯ ದಾರಿಯುದ್ದಕ್ಕೂ ಬಾವಿ, ಕೊಳ, ತಂಗುದಾಣಗಳಿಗೆ ನೆರವಾದರು. ಆ ದಾರಿ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. ನಮ್ಮ ಕನ್ನಡ ನಾಡಿನಲ್ಲಿಯೂ ದಾರಿಹೋಕರಿಗಾಗಿ ಅರವಟ್ಟಿಗೆ ಇಡುವುದು ಪುಣ್ಯಕಾರ್ಯವಾಗಿತ್ತು. ಹಳೆಯ ಶಾಸನಗಳಲ್ಲಿ ಅದಕ್ಕಾಗಿ ಬಿಟ್ಟ ದತ್ತಿಗಳ ಉಲ್ಲೇಖವಿದೆ.

ಆಧುನಿಕ ಕಾಲದ ಹಜ್ಜ್‌ನ ಇತಿಹಾಸವೂ ಇದೇ ಪಾಠವನ್ನು ಹೇಳುತ್ತದೆ. ಬಿಸಿಲಾಘಾತಕ್ಕೊಳಗಾದ ಹಾಜಿಗಳಿಗಾಗಿ ವೈದ್ಯ ಮುಸ್ತಫಾ ಖೋಗಲಿ ಮತ್ತು ವಿಜ್ಞಾನಿ ವೈನರ್ 1980ರ ಸುಮಾರಿಗೆ ಒಂದು ಚಿಕಿತ್ಸಾ ಹಾಸಿಗೆಯನ್ನು ರೂಪಿಸಿದರು. ಮೈಮೇಲೆ 15 ಡಿಗ್ರಿಯ ನೀರಿನ ತುಂತುರು, ಜೊತೆಗೆ 45 ಡಿಗ್ರಿಯ ಬೆಚ್ಚನೆಯ ಗಾಳಿ. ಬೆಚ್ಚನೆಯ ಗಾಳಿ ಏಕೆಂದರೆ, ಚರ್ಮ ವಿಪರೀತ ತಣ್ಣಗಾದರೆ ಅದರ ರಕ್ತನಾಳಗಳು ಮುದುಡಿಕೊಂಡು ಒಳಗಿನ ಶಾಖ ಹೊರಬರುವುದಿಲ್ಲ. ನೀರು ಆವಿಯಾಗುತ್ತಾ ಶಾಖವನ್ನು ಕೊಂಡೊಯ್ಯುತ್ತದೆ. ಮನೆಯಲ್ಲಿ ಯಾರಾದರೂ ಬಿಸಿಲಿಗೆ ಕುಸಿದಾಗ ಮೈ ಒದ್ದೆ ಮಾಡಿ ಗಾಳಿ ಬೀಸುವುದು ಇದೇ ತತ್ತ್ವ.

2024ರ ಹಜ್ಜ್‌ನಲ್ಲಿ ಜೂನ್ 17ರಂದು ಮಕ್ಕಾದ ಉಷ್ಣತೆ 51.8 ಡಿಗ್ರಿ ಮುಟ್ಟಿತು. ಆ ವರ್ಷ 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರ ಪ್ರಕಟಿಸಿತು. ಅವರಲ್ಲಿ ಶೇ. 83ರಷ್ಟು ಮಂದಿ ಅನುಮತಿಯಿಲ್ಲದೆ ಬಂದು, ನೆರಳಾಗಲಿ ಡೇರೆಯಾಗಲಿ ಇಲ್ಲದೆ ಬಿಸಿಲಿನಲ್ಲಿ ಬಹುದೂರ ನಡೆದವರು. ಅಲ್ಲಾಹನು ಅವರೆಲ್ಲರ ಮೇಲೆ ಕರುಣೆ ತೋರಲಿ. ಅದೇ ಬಿಸಿಲಿನಲ್ಲಿ ಲಕ್ಷಾಂತರ ಜನರು ಸುರಕ್ಷಿತವಾಗಿ ಮರಳಿದರು. ನೆರಳು ಮತ್ತು ನೀರು ಇಬ್ಬರ ನಡುವಿನ ವ್ಯತ್ಯಾಸವನ್ನು ಬಹುಮಟ್ಟಿಗೆ ನಿರ್ಧರಿಸಿದವು.

ಗಲ್ಫ್ ದೇಶಗಳು ಬೇಸಗೆಯ ಮಧ್ಯಾಹ್ನ ಹೊರಾಂಗಣ ಕೆಲಸವನ್ನು ಕಾನೂನಿನಿಂದ ನಿಷೇಧಿಸಿವೆ. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ 12ರಿಂದ 3 ಗಂಟೆಯ ತನಕ ಈ ನಿಯಮವಿದೆ. ನಮ್ಮ ಮಕ್ಕಳು ಅಲ್ಲಿ ಪಡೆಯುವ ಈ ವಿಶ್ರಾಂತಿಯನ್ನು ಇಲ್ಲಿ ನಮ್ಮ ಮನೆ ಕಟ್ಟುವ, ನಮ್ಮ ತೋಟದಲ್ಲಿ ದುಡಿಯುವ ಕಾರ್ಮಿಕರಿಗೂ ಕೊಡಬೇಕಲ್ಲವೇ? ಮಧ್ಯಾಹ್ನದ ಖೈಲೂಲ, ಅಂದರೆ ಸಣ್ಣ ನಿದ್ದೆ, ಸ್ವಹಾಬಿಗಳ ದಿನಚರಿಯ ಭಾಗವಾಗಿತ್ತು.

ನಮ್ಮ ಊರು, ನಮ್ಮ ಹೊಣೆ

ಕರಾವಳಿಯಲ್ಲಿ ಉಷ್ಣತೆ 37 ಡಿಗ್ರಿ ದಾಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿಯೆಂದು ಪರಿಗಣಿಸುತ್ತದೆ. 2025ರ ಫೆಬ್ರವರಿ ಕೊನೆಯಲ್ಲಿಯೇ ಕರಾವಳಿ ಕರ್ನಾಟಕಕ್ಕೆ ಅಂಥ ಎಚ್ಚರಿಕೆ ಬಂದಿತ್ತು. ಬಯಲುಸೀಮೆಯ 40 ಡಿಗ್ರಿಗಿಂತ ನಮ್ಮ 37 ಕಡಿಮೆಯೆಂದು ನಿರ್ಲಕ್ಷಿಸಬಾರದು. ಇಲ್ಲಿನ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಆದ್ದರಿಂದ ದೇಹ ತಣಿಯುವುದಿಲ್ಲ. ಬಾಯಾರಿಕೆಗೆ ಕಾಯದೆ ನೀರು, ಮಜ್ಜಿಗೆ, ಗಂಜಿನೀರು ಕುಡಿಯಬೇಕು. ಬಿಸಿಲಿನಲ್ಲಿದ್ದವರು ತಡವರಿಸಿ ಮಾತನಾಡಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಾಘಾತದ ಲಕ್ಷಣ. ನೆರಳಿಗೆ ತಂದು, ಮೈ ಒದ್ದೆ ಮಾಡಿ, ಗಾಳಿ ಬೀಸಿ, ಕೂಡಲೇ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಸಿಡಿಲಿನ ವಿಷಯದಲ್ಲಿ ಲೆಕ್ಕ ಸರಳ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು ಸುಮಾರು 10 ಕಿ.ಮೀ. ಒಳಗಿದೆ, ಅಂದರೆ ನಾವು ಅದರ ಹೊಡೆತದ ವ್ಯಾಪ್ತಿಯಲ್ಲಿದ್ದೇವೆ. ಗಟ್ಟಿ ಛಾವಣಿಯ ಮನೆಯೊಳಗೆ ಅಥವಾ ಮುಚ್ಚಿದ ಕಾರಿನೊಳಗೆ ಸೇರಬೇಕು. ಕೊನೆಯ ಗುಡುಗಿನ ಬಳಿಕ 30 ನಿಮಿಷ ಹೊರಬರಬಾರದು. ಒಂಟಿ ಮರ, ತೆಂಗಿನ ಬುಡ, ತಂತಿ ಬೇಲಿ, ತಗಡಿನ ಶೆಡ್ಡು, ಕೆರೆ, ಹೊಳೆ ಇವುಗಳಿಂದ ದೂರವಿರಬೇಕು. ಟಿಪ್ಪು ಸುಲ್ತಾನ್ 1794ರಲ್ಲಿ ಜಮಾಲಾಬಾದ್ ಕೋಟೆ ಕಟ್ಟಿಸಿದ ಬೆಳ್ತಂಗಡಿಯ ಗಡಾಯಿಕಲ್ಲಿನಂಥ ಬೋಳು ಬಂಡೆಯನ್ನು ಏರುವ ಯುವಕರು ಮೋಡ ಕಟ್ಟುವ ಮುನ್ನವೇ ಇಳಿದಿರಬೇಕು. ಮನೆಯೊಳಗಿದ್ದರೂ ಕಿಟಕಿಯ ಸರಳು, ನಳ್ಳಿ, ಚಾರ್ಜಿಗಿಟ್ಟ ಮೊಬೈಲು ಮುಟ್ಟಬಾರದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿಯುವುದಿಲ್ಲ. ಹೆದರದೆ ಮುಟ್ಟಿ, ಉಸಿರು ನಿಂತಿದ್ದರೆ ಎದೆಯೊತ್ತುವ ಚಿಕಿತ್ಸೆ ಕೊಡಬೇಕು. ಅದರಿಂದ ಪ್ರಾಣ ಉಳಿದೀತು. 'ದಾಮಿನಿ', 'ಸಿಡಿಲು' ಎಂಬ ಮೊಬೈಲ್ ಆ್ಯಪ್‌ಗಳು ಹತ್ತಿರದ ಸಿಡಿಲಿನ ಸೂಚನೆ ಕೊಡುತ್ತವೆ. ಇನ್ನು ಅಂಗಳದ ಅಡಿಕೆ? ನೆನೆದ ಅಡಿಕೆಗೆ ಬೆಲೆ ಇಳಿಯುತ್ತದೆ. ಟರ್ಪಾಲು ಹಿಡಿದು ಓಡಿದ ತಾಯಿಗೆ ಬೆಲೆ ಕಟ್ಟಲಾಗದು.

ಮೊದಲ ಮಾತಿಗೆ ಮರಳೋಣ. ಹಿಜರಿ 18ರ ಆಸುಪಾಸಿನಲ್ಲಿ ಸಿರಿಯಾದತ್ತ ಹೊರಟಿದ್ದ ಖಲೀಫ ಉಮರ್(ರ), ಅಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದು ಸರ್ಗ್ ಎಂಬಲ್ಲಿಂದಲೇ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಕೇಳಿದಾಗ, ನಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆಂಬ ಅರ್ಥದ ಉತ್ತರ ಕೊಟ್ಟರು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬರಡು ಆಗಿದ್ದರೆ ಒಂಟೆಯನ್ನು ಯಾವ ಕಡೆ ಮೇಯಿಸುವಿರೆಂದು ಮರುಪ್ರಶ್ನೆಯನ್ನೂ ಹಾಕಿದರು. ಬಯಲಿನಲ್ಲಿ ನಿಲ್ಲುವುದು ತಖ್ದೀರಾದರೆ ಸೂರಿನಡಿ ಸೇರುವುದೂ ತಖ್ದೀರೇ. ಎರಡನ್ನೂ ನಮ್ಮ ಮುಂದಿಟ್ಟ ಅಲ್ಲಾಹನು ಆರಿಸಿಕೊಳ್ಳಲು ಬುದ್ಧಿಯನ್ನೂ ಕೊಟ್ಟಿದ್ದಾನೆ.

ಅತಿಯಾದ ಮಳೆಯಿಂದ ಮದೀನ ತತ್ತರಿಸಿದಾಗ ಪ್ರವಾದಿವರ್ಯರು(ಸ) ಕೈಯೆತ್ತಿ, ಮಳೆ ತಮ್ಮ ಮೇಲೆ ಸುರಿಯದೆ ಸುತ್ತಮುತ್ತಲ ಗುಡ್ಡ, ಕಣಿವೆ, ಮರಗಳ ಬುಡದ ಮೇಲೆ ಸುರಿಯಲೆಂದು ಬೇಡಿದ್ದರು. ಗುಡುಗು ಕೇಳಿದಾಗ ಮಾತು ನಿಲ್ಲಿಸಿ ತಸ್ಬೀಹ್ ಹೇಳುವುದು ಅಬ್ದುಲ್ಲಾ ಬಿನ್ ಝುಬೈರ್(ರ)ರ ರೂಢಿಯಾಗಿತ್ತು. ಈ ಬೇಸಗೆಯ ಸಂಜೆಗಳಲ್ಲಿ ನಾವೂ ಮಕ್ಕಳನ್ನು ಒಳಗೆ ಕರೆದು, ಕದ ಮುಚ್ಚಿ, ನಾಲಗೆಯನ್ನು ತಸ್ಬೀಹಿನಿಂದ ಹಸಿಯಾಗಿಡೋಣ. ಅಲ್ಲಾಹನು ನಮ್ಮ ಮನೆಗಳನ್ನೂ ನೆರೆಹೊರೆಯವರ ಮನೆಗಳನ್ನೂ ಬಿಸಿಲು ಸಿಡಿಲುಗಳ ಕೆಡುಕಿನಿಂದ ಕಾಪಾಡಲಿ. ಆಮೀನ್.